ಹಿಮದಡಿಯ ಕನೋಲಾ

ಅಕ್ಟೋಬರ್ 30
ಇವತ್ತೂ ಹೊಲಕ್ಕೆ ಹೋಗಿ ಬಂದೆ. ಮಣ್ಣು ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಮೆತ್ತಗೆ. ಈಗ ಬಿತ್ತಿದರೆ ಕನೋಲಾ, ಈ ಸಾಸಿವೆ ಜಾತಿಯ ಎಣ್ಣೆಬೀಜ, ಮೊಳೆತು ಚಳಿಗೆ ಸಾಯುತ್ತದೆ. ನೆಲ ಹೆಪ್ಪುಗಟ್ಟುವ ಹೊತ್ತಿಗೆ ಬಿತ್ತಬೇಕು — ಬೀಜ ಹಿಮದಡಿ ಮಲಗಿ ವಸಂತಕ್ಕೆ ತಾನೇ ಏಳುತ್ತದೆ. ವಸಂತದಲ್ಲೇ ಬಿತ್ತೋಣವೆಂದರೆ ಮೇ ಮುಗಿಯುವವರೆಗೂ ಈ ತಗ್ಗಿನಲ್ಲಿ ಕೆಸರು, ಟ್ರ್ಯಾಕ್ಟರ್ ಇಳಿಯದು.

ನಮ್ಮ ಬುಡಕಟ್ಟಿನ ಕೌನ್ಸಿಲ್ ನನಗೆ ಕೊಟ್ಟಿರುವುದು ಒಂದೇ ಬೆಳೆಯ ಅವಕಾಶ. ಕೆಟ್ಟರೆ ನಮ್ಮ ಕ್ರೀ ಮೂಲನಿವಾಸಿಗಳ ನೆಲ ಮತ್ತೆ ಬಿಳಿಯ ಹಾರ್ಲನ್‌ಗೆ ಗುತ್ತಿಗೆ. ಅವನಪ್ಪನ ಕಾಲದಿಂದ ಅವರದೇ ಉಳುಮೆ. ನಮ್ಮಜ್ಜ ಬೆಳೆದ ಗೋಧಿ ಮಾರಲು ಸರ್ಕಾರಿ ಏಜೆಂಟನ ಅನುಮತಿ ಚೀಟಿ ಬೇಕಿತ್ತು. ಕೊಡಲಿಲ್ಲ. ಗೋಧಿ ಕೊಳೆಯಿತು. ಆಮೇಲೆ ಸರ್ಕಾರದವರೇ ಬರೆದುಕೊಂಡರು: ಈ ಜನಕ್ಕೆ ಬೇಸಾಯ ಬಾರದು.

ನವೆಂಬರ್ 6
ಬಿತ್ತಿದೆವು. ಆಂಬ್ರೋಸ್ ಮಾವ ಮೊದಲು ನಮ್ಮ ಪದ್ಧತಿಯಂತೆ ಚಿಟಿಕೆ ತಂಬಾಕು ಮಣ್ಣಿಗೆ ಕಾಣಿಕೆಯಿಟ್ಟ. ಹಾರ್ಲನ್ ಪಿಕಪ್ ನಿಲ್ಲಿಸಿ ನಕ್ಕ.
"ಏನಮ್ಮಾ ಡೆಲ್ಫೀನ್, ಕ್ರಿಸ್‌ಮಸ್‌ಗೆ ಕೊಯ್ಲಾ? ಅದೂ ಆ ಗಿಡ್ಡ ಪೋಲಿಶ್ ತಳಿ. ಇಳುವರಿ ಎಲ್ಲಿ ಬರತ್ತೆ?"
"ಬೇಗ ಮಾಗತ್ತಲ್ಲ, ಸಾಕು."
"ಸರಿ ಬಿಡಿ. ನಿಮ್ಮ ಹೊಲ, ಏನಾದ್ರೂ ಮಾಡ್ಕೊಳಿ."
ಮಾವ: "ಅಂತೂ ಬಾಯ್ಬಿಟ್ಟು ನಿಮ್ಮ ಹೊಲ ಅಂದೆಯಲ್ಲೋ."

ನವೆಂಬರ್ 11
ಬಿಸಿಲು. ಹಾಳು ಬಿಸಿಲು. ಸೂರು ತೊಟ್ಟಿಕ್ಕುತ್ತಿದೆ. ಮಾವ ಮಣ್ಣು ಕೆದಕಿ ಬೀಜ ತೆಗೆದ. ಉಬ್ಬಿದೆ, ಇನ್ನೂ ಒಡೆದಿಲ್ಲ. ಹೀಗೇ ಇದ್ದರೆ...
"ದುರುಗುಟ್ಟಿ ನೋಡಿದ್ರೆ ಸೂರ್ಯ ಹೆದರಲ್ಲ ಮಗಾ. ಟೀ ಕುಡಿ."

ನವೆಂಬರ್ 13
ಹಿಮ. ದಪ್ಪಗೆ. ಮಲಗು ತಾಯಿ, ಮಲಗು.

ಮೇ 19
ಆಚೆಯ ತಗ್ಗಿನಲ್ಲಿ ಹಾರ್ಲನ್‌ನ ಟ್ರ್ಯಾಕ್ಟರ್ ಹೂತಿದೆ. ನಮ್ಮಲ್ಲಿ ಸಾಲು ಸಾಲು ಹಸಿರು. ಅಲ್ಲಲ್ಲಿ ತೆಳು. ಇರಲಿ. ಮಂಡಿಯೂರಿ ಮುಟ್ಟಿ ನೋಡಿದೆ. ಎದ್ದಿದೆ.

ಆಗಸ್ಟ್ 27
ಕೊರೆಯುವ ಮಂಜು ಬಿದ್ದು ಬೆಳಿಗ್ಗೆ ಹುಲ್ಲೆಲ್ಲ ಬಿಳಿ. ತಡವಾಗಿ ಬಿತ್ತಿದ ಹಾರ್ಲನ್‌ನ ದೊಡ್ಡ ತಳಿ ಇನ್ನೂ ಹಸಿಗಾಯಿ. ಹೋಯಿತು. ನಮ್ಮದು ಆಗಲೇ ಕೊಯ್ದು ಒಣಗಿಸಿಯಾಗಿದೆ.

ಸೆಪ್ಟೆಂಬರ್ 24
ಧಾನ್ಯ ಕೊಳ್ಳುವ ಗೋದಾಮು. ಮ್ಯಾನೇಜರ್ ಒಳಗಿನ ಬಣ್ಣ ನೋಡಲು ಕಾಳುಗಳನ್ನು ಟೇಪಿಗೆ ಅಂಟಿಸಿ ರೋಲರ್‌ನಿಂದ ಅರೆದ. ಮಂಜಿಗೆ ಸಿಕ್ಕ ಹಾರ್ಲನ್‌ನದು ಒಳಗೆಲ್ಲ ಹಸಿರು. ಆ ಎಣ್ಣೆ ಯಾರಿಗೂ ಬೇಡ. ನಮ್ಮದು ಹಳದಿ. ಅಂಚಿನಿಂದ ಅಂಚಿಗೆ ಹಳದಿ. ಮೊದಲ ದರ್ಜೆ.

ಹಾರ್ಲನ್ ಟೋಪಿ ತೆಗೆದು ಬಂದ. "ಡೆಲ್ಫೀನ್, ಆ ಬೀಜ ನನಗೂ ಸ್ವಲ್ಪ ಮಾರ್ತೀರಾ?"
ಮಾವ ತಲೆ ಎತ್ತಲಿಲ್ಲ. "ಮಾರ್ತೀವಿ. ಏಜೆಂಟನ ಹತ್ರ ಚೀಟಿ ಬರೆಸ್ಕೊಂಡು ಬಾ."
ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಜ್ಜಾ, ಕೇಳಿಸಿತೇ?

ನವೆಂಬರ್ 2
ಹಾರ್ಲನ್‌ನ ಉಳಿದ ಗುತ್ತಿಗೆಯೂ ರದ್ದು. ಕೌನ್ಸಿಲ್‌ನಲ್ಲಿ ಒಬ್ಬರೂ ಎದುರಾಡಲಿಲ್ಲ. ಅವನು ಉಳುತ್ತಿದ್ದ ಕೆರೆಯಂಚಿನ ಹೊಲವೂ ಇನ್ನು ನಾವೇ ಉಳುವುದು. ನೆಲ ಗಟ್ಟಿಯಾಗಿದೆ, ಬಿತ್ತುವ ಹೊತ್ತು. ಮಾವ ಹಾರ್ನ್ ಹೊಡೆಯುತ್ತಲೇ ಇದ್ದಾನೆ. ಬಂದೆ ಮಾರಾಯ, ಬೂಟು ಹಾಕಿಕೊಂಡು—