ಬಾಗಿಲಾಚೆಯ ಕೆಮ್ಮು

ಅಪ್ಪಾ,

ಅಂಚೆಗೆ ಹಾಕದ ಈ ಕಾಗದವನ್ನು ನೀವು ಓದುವುದಿಲ್ಲವೆಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ನನ್ನ ಪಾಲಿನ ಜಮೀನು ಮಾರುವ ಪತ್ರಕ್ಕೆ ಇವತ್ತು ನಮ್ಮ ಓಹಿಯೋ ಕೋರ್ಟಿನಲ್ಲಿ ಸಹಿ ಹಾಕಬೇಕಿತ್ತು. ನ್ಯಾಯಾಧೀಶರು ನನ್ನ ಗಂಡ ಅಸಾಹೆಲ್‌ನನ್ನು ಹೊರಗೆ ಕಳಿಸಿ ಕೇಳಿದರು: "ಹೇಳಮ್ಮ, ನಿನ್ನಿಷ್ಟದಿಂದ್ಲೇ ತಾನೆ? ಯಾರೂ ಹೆದರಿಸಿಲ್ವಲ್ಲ?"

ಆಸ್ತಿ ಮಾರುವ ಮುನ್ನ ನ್ಯಾಯಾಧೀಶರು ಹೆಂಡತಿಯನ್ನು ಹೀಗೆ ಒಂಟಿಯಾಗಿ ಕೇಳಲೇಬೇಕೆಂದು ಶಾಸನಸಭೆಯಲ್ಲಿ ನೀವು ಮಾಡಿದ ಭಾಷಣವನ್ನು ಚೊಕ್ಕವಾಗಿ ನಕಲು ಮಾಡಿಕೊಟ್ಟವಳು ನಾನೇ. ಆದರೆ ನೀವು ಅಮ್ಮನ ಸೇಬಿನ ತೋಟ ಮಾರಿದ ಪತ್ರದಲ್ಲಿ 'ಒಂಟಿಯಾಗಿ ಕೇಳಲಾಗಿ ಒಪ್ಪಿದಳು' ಎಂಬ ಸಾಲು ನಿಮ್ಮ ಕೈಬರಹದಲ್ಲಿದೆ. ಕೆಳಗಿನ ಸಹಿ ಮಾತ್ರ ನಿಮ್ಮ ಗೆಳೆಯ ನ್ಯಾಯಾಧೀಶರದು. ಹೋದ ವಾರ ಅಮ್ಮನನ್ನೇ ವಿಚಾರಿಸಿದೆ.

"ಅವತ್ತು ನಿನ್ನನ್ನ ಯಾರಮ್ಮ ಕೇಳಿದ್ದು?"

"ಇನ್ಯಾರು, ನಿಮ್ಮಪ್ಪನೇ. ಬಾಗಿಲಾಚೆ ಹೋಗಿ ಒಂದ್ಸಲ ಕೆಮ್ಮಿದ್ರು. ಆಮೇಲೆ ನ್ಯಾಯಾಧೀಶರ ಥರ ಒಳಗೆ ಬಂದು ಕೇಳಿದ್ರು."

"ನೀನೇನಂದೆ?"

"ನಮ್ಮ ಯಜಮಾನ್ರು ಹೊರಗಿದಾರೆ, ಅವರನ್ನೇ ಕೇಳಿ ಅಂದೆ. ನಕ್ಕೊಂಡು ಬರ್ಕೊಂಡ್ರು."

ಅಮ್ಮ ಅದನ್ನು ತಮಾಷೆಯೆಂದೇ ಹೇಳಿದಳು. ಆದರೆ ಆ ರಾತ್ರಿ ಊಟ ಮಾಡಲಿಲ್ಲ.

ಇವತ್ತು ನ್ಯಾಯಾಧೀಶರು ನನ್ನ ಉತ್ತರಕ್ಕೆ ಕಾಯುತ್ತಿದ್ದಾಗ ಬಾಗಿಲಾಚೆ ಅಸಾಹೆಲ್ ಕೆಮ್ಮಿದ. ಅವನಿಗೆ ನೆಗಡಿಯಿಲ್ಲ, ಅಪ್ಪಾ.

ನಾನು ಸಹಿ ಹಾಕದೆ ಲೇಖನಿ ಕೆಳಗಿಟ್ಟೆ.

ನಿಮ್ಮ ನಕಲುಗಾರ್ತಿ,
ಕೆಝಾಯಾ