ಟ್ರಂಕಿನಲ್ಲಿರುವ ಅಂಕಪಟ್ಟಿ

ಧಾರವಾಡ
೧೪ ಮಾರ್ಚ್ ೨೦೦೩

ಪ್ರೀತಿಯ ಶಾಹಿಸ್ತಾ ಆಪಾಗೆ ಸಲಾಂ.

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅಮ್ಮಿ, "ಆಕಿ ಮಾತಾಡಂಗಿಲ್ಲಂತ, ಇಡವಾ" ಎಂದರು. ಅದಕ್ಕೇ ಈ ಪತ್ರ.

ರಜೆಯಲ್ಲಿ ಸೊರಟೂರಿಗೆ ಬಂದಾಗ ನಿನ್ನ ಜೊತೆ ಶೇಂಗಾ ಸುಲಿಯುತ್ತ, ಏಳನೇ ಇಯತ್ತೆಯಲ್ಲಿ ಹೇಗೆ ಫೇಲಾದೆ ಎಂದು ಕೇಳಿದ್ದೆ. "ನಾ ಎಲ್ಲಿ ಫೇಲ್ ಆಗೀನಿ? ಅಂಕಪಟ್ಟಿ ಟ್ರಂಕಿನ್ಯಾಗ ಐತಿ. ನಮ್ಮಿಬ್ಬರನ್ನೂ ಓದ್ಸಾಕ ಅಬ್ಬಾನ ಕೈಲೆ ಆಗತಿರಲಿಲ್ಲ, ಫೇಲ್ ಅಂತ ಸುಳ್ಳು ಹೇಳಿದೆ. ಯಾರ ಮುಂದೂ ಅನಬ್ಯಾಡ" ಎಂದು ನೀನು ಹೇಳಿದೆ.

ಇಲ್ಲಿ ಶಿಕ್ಷಣ ಮತ್ತು ಆಪ್ತಸಮಾಲೋಚನೆಯ ತರಗತಿಗೆ, ಶಾಲೆ ಬಿಟ್ಟ ಒಬ್ಬರ ಕಥೆ ಬರೆದು ತರಬೇಕಿತ್ತು. ನಿನ್ನದನ್ನೇ ಬರೆದೆ. ನಿನ್ನ ಹೆಸರು ಬದಲಿಸಿದೆ, ಊರಿನ ಹೆಸರು ಬದಲಿಸಲಿಲ್ಲ. ಮೇಡಂ ಚೆನ್ನಾಗಿದೆ ಎಂದು ಎಲ್ಲರೆದುರು ಓದಿದರು. ನಮ್ಮೂರ ಕಾಂಚನಾ ಅಲ್ಲೇ ಕುಳಿತಿದ್ದಳು. ಕಳೆದ ವಾರ ಊರಿಗೆ ಹೋದವಳು ಅಬ್ಬಾನ ಮುಂದೆ ಹೇಳಿಬಿಟ್ಟಳು. ಅವಳ ತಪ್ಪಲ್ಲ. ನಂಬಿ ಹೇಳಿದವರ ಗುಟ್ಟು ಕಾಯಬೇಕೆಂಬ ಪಾಠದಲ್ಲಿ ನನಗೇ ಎಲ್ಲರಿಗಿಂತ ಹೆಚ್ಚು ಅಂಕ ಬಂದಿದ್ದವು.

ಇಷ್ಟು ವರ್ಷ ನಿನ್ನನ್ನು ದಡ್ಡಿ ಎಂದು ಕರೆದ ಅಬ್ಬಾ, ಈಗ ನೀನು ಬಡಿಸಿದ ತಾಟಿನ ಮುಂದೆ ತುತ್ತೆತ್ತದೆ ಕುಳಿತಿರುತ್ತಾರಂತೆ.

ಅವರು ಕೇಳಿದರೆ, "ಮಾರ್ಕ್ಸ್ ಸಿಗಲಿ ಅಂತ ಮೆಹನಾಜ ಕಟ್ಟಿ ಬರದಾಳ" ಅಂದುಬಿಡು. ನಾನೂ ಹೌದು ಅನ್ನುತ್ತೇನೆ.

ಅಂಕಪಟ್ಟಿಯನ್ನು ಮಾತ್ರ ಸುಡಬೇಡ. ಬೇಸಿಗೆ ರಜೆಗೆ ಬಂದಾಗ ನನಗೊಬ್ಬಳಿಗೇ ತೋರಿಸು. ನೋಟ್‌ಬುಕ್ ತರುವುದಿಲ್ಲ.

ನಿನ್ನ ತಂಗಿ
ಮೆಹನಾಜ