ಎರಡು ಮೈಕಿನ ಪೆಟ್ಟಿಗೆ

ಗಾಳಿಕೇರಿ,
ಮೂಡುಗಾಳಿ ತಿಂಗಳ ಮೂವತ್ತೇಳನೆಯ ದಿನ, ಇಸವಿ 2391

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಶ್ರೀಮತಿ ದಾಕ್ಷಾಯಣಿ ಅವರಿಗೆ ಪಡುವಯ್ಯನ ನಮಸ್ಕಾರಗಳು.

ತಿಂಗಳಿಗೆ ಮೂವತ್ತೇಳು ದಿನವೇ ಎಂದು ಮೊದಲ ಸಾಲಿಗೇ ನೀವು ಹುಬ್ಬು ಗಂಟಿಕ್ಕಿರಬಹುದು. ಗಾಳಿ ದಿಕ್ಕು ಬದಲಿಸಿದ ದಿನವೇ ತಿಂಗಳು ಬದಲಾಯಿತೆಂದು ಲೆಕ್ಕ ಹಿಡಿಯುವವರು ನಾವು, ಈ ವರ್ಷ ಗಾಳಿಗೆ ಅವಸರವಿಲ್ಲ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮೆಯಿರಲಿ. ನಿಮ್ಮ ಕಾಲದ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಇಲ್ಲಿನ ಮಾತನ್ನು ಅಲ್ಲಿನ ಮಾತಿಗೆ ಒಗ್ಗಿಸುತ್ತ ಬರೆಯುತ್ತಿದ್ದೇನೆ. ಎಡವಿದ ಕಡೆ ಮುದುಕನೆಂದು ನಕ್ಕುಬಿಡಿ, ಆದರೆ ಪೂರ್ತಿ ಓದಿ. ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ. ಅದು ಹೇಗೆ ತಲುಪುತ್ತದೆಂದು ನನ್ನನ್ನು ಕೇಳಬೇಡಿ, ಡಬ್ಬಿಗೆ ಹಾಕುವುದಷ್ಟೇ ನನಗೆ ಗೊತ್ತು. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ಬರೆದು, ಜಮೀನು ಮಾರಬೇಡ ಮಾರಾಯ ಎಂದು ಬೇಡಿಕೊಳ್ಳುತ್ತಾರೆ. ನೆಂಟಸ್ತನವೂ ಇಲ್ಲದ ನಿಮಗೆ ನಾನು ಬರೆಯುತ್ತಿರುವುದು ಒಂದು ಪೆಟ್ಟಿಗೆಯ ಖರೀದಿಯ ಬಗ್ಗೆ.

ನೀವೀಗ ಏನು ಮಾಡುತ್ತಿದ್ದೀರೆಂದು ನನಗೆ ಗೊತ್ತು. ಮಕ್ಕಳಿಗೆ ಕೀಬೋರ್ಡ್ ಪಾಠ ಹೇಳುವ ಮುಂದಿನ ಕೋಣೆಯಲ್ಲಿ ಕೂತು, ಟ್ಯಾಬ್ಲೆಟ್ಟಿನಲ್ಲಿ ಒಂದರ ಹಿಂದೊಂದು ಅಂಗಡಿಯ ಪುಟ ತೆರೆದು ಮುಚ್ಚುತ್ತಿದ್ದೀರಿ. ಆ ಟ್ಯಾಬ್ಲೆಟ್ಟನ್ನೇ ಸ್ಟುಡಿಯೋ ಮಾಡಿಕೊಳ್ಳಬೇಕು, ಜೋಳ ಹಸನು ಮಾಡುತ್ತ ಹಾಡುವ ನಿಮ್ಮ ಅತ್ತೆ ಚೆನ್ನವ್ವನವರ ಪದಗಳನ್ನು ಅದರಲ್ಲಿ ಹಿಡಿದಿಡಬೇಕು ಎಂಬುದು ನಿಮ್ಮ ಆಸೆ. ಟ್ಯಾಬ್ಲೆಟ್ ಇದೆ, ಅತ್ತೆ ಇದ್ದಾರೆ. ಇವೆರಡರ ನಡುವೆ ಇನ್ನೇನೇನು ಬೇಕು ಎಂಬುದೇ ತಲೆನೋವು. ಯಾವ ಮೈಕು, ಮೈಕಿನ ದನಿಯನ್ನು ಟ್ಯಾಬ್ಲೆಟ್ಟಿಗೆ ದಾಟಿಸುವ ಪೆಟ್ಟಿಗೆ ಯಾವುದು, ಹೆಡ್‌ಫೋನ್ ಎಂಥದ್ದು. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುತ್ತಾರೆ, ನಿಮಗೆ ತಲೆ ಕೆಟ್ಟು ಹೋಗಿದೆ. ಇದೆಲ್ಲ ನನಗೆ ತಿಳಿದದ್ದು ನೀವು ಮುಂದೆ ಮಾಡಲಿರುವ ರೆಕಾರ್ಡಿಂಗಿನಿಂದಲೇ. ಅದು ನಮ್ಮ ಊರಿನ ಸದ್ದಿನ ಕಣಜದಲ್ಲಿ, ಅಂದರೆ ಹಳೆಯ ದನಿಗಳನ್ನು ಕಾಪಿಡುವ ಮನೆಯಲ್ಲಿ, ಇನ್ನೂ ಇದೆ. ನಿಮಗೆ ಮುಂದೆ ಆಗಲಿರುವುದು ನನಗೆ ಎಂದೋ ಆಗಿಹೋದದ್ದು.

ನಮ್ಮ ಊರು ನೆಲದ ಮೇಲಿಲ್ಲ. ಗುಡ್ಡದ ನೆತ್ತಿಯಲ್ಲಿ ನಿಂತ ಗಾಳಿರಾಟೆಗಳ ಕಾಲಿನ ಸುತ್ತಲೂ ಮನೆ ಕಟ್ಟಿಕೊಂಡಿದ್ದೇವೆ, ಮೇಲೆ ಕೆಳಗೆ ಓಡಾಡಲು ಏಣಿ. ರಾಟೆಗಳಿಗೆ ಎಣ್ಣೆ ಹಾಕುವುದು ನನ್ನ ಕೆಲಸ. ಮನೆಯೊಳಗೆ ಸದಾ ಗುಂಯ್ ಎನ್ನುವ ಸದ್ದು. ಅದು ನಿಂತ ದಿನ ಕೂಸುಗಳು ಅಳುತ್ತವೆ. ಹೆಸರನ್ನೂ ಹುಟ್ಟಿದ ದಿನದ ಗಾಳಿ ನೋಡಿಯೇ ಇಡುತ್ತಾರೆ. ಪಡುವಣ ಗಾಳಿಗೆ ಹುಟ್ಟಿದ್ದರಿಂದ ನಾನು ಪಡುವಯ್ಯ. ನನ್ನ ಹೆಂಡತಿ ಹುಟ್ಟಿದಾಗ ಸುಂಟರಗಾಳಿ ಎದ್ದಿತ್ತಂತೆ, ಅವಳು ಸುಳಿಯವ್ವ. ಊರಿನವರು ಹೆಸರಿಡುವಾಗ ತಪ್ಪು ಮಾಡಿಲ್ಲ ಎಂಬುದು ಮದುವೆಯಾದ ಹೊಸದರಲ್ಲೇ ನನಗೆ ಮನವರಿಕೆಯಾಯಿತು. ಇನ್ನು ಸಂಗೀತ. ಇಲ್ಲಿ ಮನೆಯೇ ನಮ್ಮ ಮುಖ ನೋಡಿ, ಆ ಹೊತ್ತಿಗೆ ಒಪ್ಪುವ ಹಾಡನ್ನು ತಾನೇ ಕಟ್ಟಿ ತಾನೇ ಹಾಡುತ್ತದೆ. ಇದಕ್ಕೆ ಒಲಿಪದ ಎಂದು ಹೆಸರು. ಮುಖ ಸ್ವಲ್ಪ ಬಾಡಿದರೆ ಸಾಕು, ಶುರು ಹಚ್ಚಿಕೊಳ್ಳುತ್ತದೆ. ನೆಮ್ಮದಿಯಾಗಿ ಬೇಸರಪಡಲೂ ಬಿಡುವುದಿಲ್ಲ. ಹೀಗಾಗಿ ಬಾಯಿಬಿಟ್ಟು ಹಾಡುವವರು ಕಡಿಮೆಯಾದರು, ಹಾಡಿದ್ದನ್ನು ಹಿಡಿದಿಡುವ ಸಾಮಾನುಗಳು ಮೂಲೆ ಸೇರಿದವು. ಊರಿಗೆ ಉಳಿದದ್ದು ಒಂದೇ ಮೇಳ, ಸುಳಿಯವ್ವನದು. ಅವರು ಹಾಡುವುದೆಲ್ಲ ನಿಮ್ಮ ಚೆನ್ನವ್ವನವರ ಪದಗಳು.

ಆ ಪದಗಳಲ್ಲಿ ಒಂದು ವಿಶೇಷವಿತ್ತು. ಎರಡನೆಯ ಪದದ ನಟ್ಟನಡುವೆ ಹಾಡು ತಟ್ಟನೆ ನಿಂತು, ಉಸಿರಿನ ಸದ್ದೂ ಇಲ್ಲದ ದೀರ್ಘ ಮೌನ. ನಮ್ಮ ಮೇಳದವರು ಅದನ್ನು ತಲೆಮಾರುಗಳಿಂದ ತಪ್ಪದೆ ಪಾಲಿಸಿದ್ದಾರೆ. ಆ ಹೊತ್ತಿನಲ್ಲಿ ಹಾಡುವವರೂ ಕೇಳುವವರೂ ತಲೆ ಬಾಗಿಸಿ ನಿಲ್ಲಬೇಕು. ಮಡಿದ ಹಿರಿಯರ ನೆನಪಿಗೆ ಅದು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ನಾನೂ ಕಲಿತೆ, ಬಾಗಿದೆ, ಒಮ್ಮೆ ಕಣ್ಣೀರು ಸಹ ಹಾಕಿದೆ. ಕಳೆದ ವರ್ಷ ಕಣಜದಲ್ಲಿ ನಿಮ್ಮ ರೆಕಾರ್ಡಿಂಗಿನ ಜೊತೆಗೇ ಇದ್ದ ಇನ್ನೊಂದು ಕಡತವನ್ನು ನಾನು ತೆರೆದೆ. ಅದು ಮೊದಲನೆಯದರ ನಕಲು ಎಂದುಕೊಂಡು ಯಾರೂ ಮುಟ್ಟಿರಲಿಲ್ಲ. ಅದು ನಕಲಾಗಿರಲಿಲ್ಲ, ನಿಮ್ಮ ಎರಡನೆಯ ಮೈಕಾಗಿತ್ತು. ಇಬ್ಬರ ಕಿವಿಯೂ ಹೆಡ್‌ಫೋನಿನಿಂದ ಮುಚ್ಚಿರುವಾಗ ಅತ್ತೆಗೆ ನಿಮ್ಮ ಮಾತು ಕೇಳಲೆಂದು ನಿಮ್ಮ ಮುಂದೆ ಇಟ್ಟುಕೊಂಡಿದ್ದ ಮೈಕು. ಮೌನದ ಜಾಗ ಬಂದಾಗ ಅದರಲ್ಲಿ ನೆಲವೇ ನಡುಗುವಂಥ ಗಡಗಡ ಸದ್ದು, ಅದರ ಮೇಲೆ ಚೆನ್ನವ್ವನವರ ದನಿ.

“ತಡಿಯವ್ವಾ ದಾಕ್ಷಾಯಣಿ, ಗಾಡಿ ಹೋಗ್ಲಿ. ಗೂಡ್ಸ್ ಗಾಡಿ ಐತಿ ಇದು, ಮುಗಿಯೂದ ಇಲ್ಲ ನೋಡು!”

ಹಾಡು ನಿಂತೊಡನೆ ಮೊದಲ ಮೈಕಿನ ಬಾಗಿಲು ಮುಚ್ಚುವಂತೆ, ಅಂದರೆ ಅದರ ದನಿ ತಾನೇ ಕಡಿದುಹೋಗುವಂತೆ, ಟ್ಯಾಬ್ಲೆಟ್ಟಿನಲ್ಲಿ ನೀವು ಏರ್ಪಾಟು ಮಾಡಿದ್ದಿರಿ. ಹಾಗಾಗಿ ರೈಲೂ, ಅತ್ತೆ ನಿಮ್ಮತ್ತ ತಿರುಗಿ ಆಡಿದ ಮಾತೂ ಹೊರಗೇ ಉಳಿದವು, ಮೌನವಷ್ಟೇ ನಮಗೆ ಬಂತು. ಒಂದು ಸಾಮಾನು ಸಾಗಿಸುವ ರೈಲಿಗೆ ನಾವು ಇಷ್ಟು ಕಾಲ ತಲೆ ಬಾಗಿಸಿದ್ದೆವು, ತಾಯಿ. ಸುಳಿಯವ್ವನಿಗೆ ಇದನ್ನು ಕೇಳಿಸಿದೆ. ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಸೆರಗಿನಲ್ಲಿ ರಕ್ತ ಕಂಡಿತು.

ವೈದ್ಯರು ಗಂಟಲಲ್ಲಿ ಗಂಟಿದೆ ಎಂದರು. ಜೀವಕ್ಕೆ ಭಯವಿಲ್ಲ, ಗಂಟಲು ಮಾತ್ರ ತೆಗೆಯಬೇಕು, ಬದಲಿಗಂಟಲು ಕೂರಿಸುತ್ತೇವೆ, ಮಾತು ಸ್ಪಷ್ಟವಾಗಿ ಬರುತ್ತದೆ ಎಂದರು. ದನಿ ಅವಳದೇ ಇರುತ್ತದೆಯೇ ಎಂದು ಕೇಳಿದೆ. ಒಳ್ಳೆಯ ದನಿಯೇ ಇರುತ್ತದೆ ಎಂದರು. ಊರಿನವರು ಸಮಾಧಾನ ಹೇಳಲು ಬಂದರು: ಸುಳಿಯವ್ವನ ದನಿಯನ್ನು ಒಲಿಪದಕ್ಕೆ ಕಲಿಸಿದರಾಯಿತು, ಅದು ಅವಳಂತೆಯೇ ಯಾವ ಹಾಡು ಬೇಕಾದರೂ ಹಾಡುತ್ತದೆ. ಕಲಿಸಿಯೂ ತೋರಿಸಿದರು. ಸುಳಿಯವ್ವ ಪೂರ್ತಿ ಕೇಳಿ, ಮೂಗು ಮುರಿದಳು.

“ನಾ ತಪ್ಪೋ ಜಾಗದಾಗ ಅದು ತಪ್ಪಲಿಲ್ಲ. ಮತ್ತ ಅದು ನಾ ಹೆಂಗಾದೀತು? ನನ್ನ ದನೀನ ಹಿಡದು ಇಡ್ರಿ, ಆಮ್ಯಾಲೆ ಗಂಟಲ ತಗೀರಿ.”

ಹೀಗೆ ನಿಮ್ಮ ತಲೆನೋವು ನನ್ನ ತಲೆಗೆ ಬಂತು. ನಮ್ಮ ಹಳೆಸರಕಿನ ಮನೆಯಲ್ಲಿ ನಿಮ್ಮ ಕಾಲದ ಒಂದು ಟ್ಯಾಬ್ಲೆಟ್ ಇನ್ನೂ ಕೆಲಸ ಮಾಡುತ್ತದೆ, ಅದಕ್ಕೆ ಹೊಂದುವ ಸಾಮಾನುಗಳ ಮಾದರಿಗಳೂ ಕಪಾಟು ತುಂಬ ಇವೆ. ಅಲ್ಲಿನ ಮೇಲ್ವಿಚಾರಕ ಮೂಡಣ್ಣ ಒಳ್ಳೆಯವನು, ಆದರೆ ಉತ್ಸಾಹ ಹೆಚ್ಚು. ಇರುವೆ ನಡೆದರೂ ಕೇಳಿಸುವ ಸೂಕ್ಷ್ಮ ಮೈಕು, ಬಣ್ಣದ ದೀಪ ಮಿನುಗುವ ಗುಂಡಿಗಳ ಹಲಗೆ, ಎದೆಮಟ್ಟದ ಸ್ಪೀಕರುಗಳು, ಎಲ್ಲ ತೆಗೆದಿಟ್ಟ. ನಾನು ಮನೆಗೆ ಬಂದು ನಿಮ್ಮ ಎರಡನೆಯ ಕಡತವನ್ನು ಮತ್ತೆ ಮತ್ತೆ ಕೇಳಿದೆ. ಪದಗಳ ನಡುವೆ ನೀವಿಬ್ಬರೂ ಆಡಿದ ಮಾತಿನಲ್ಲಿ ನೀವು ಯಾವುದನ್ನು ಏಕೆ ಕೊಂಡಿರಿ ಎಂಬುದೆಲ್ಲ ಇತ್ತು. ದಾಕ್ಷಾಯಣಿ ಅವರೇ, ಮುಖಸ್ತುತಿಯೆಂದು ತಿಳಿಯಬೇಡಿ, ನಿಮ್ಮ ಬುದ್ಧಿಗೆ ನಾನು ಬೆರಗಾದೆ.

ನೀವು ಸೂಕ್ಷ್ಮ ಮೈಕನ್ನು ಬಿಟ್ಟು, ಬಾಯಿಯ ಹತ್ತಿರ ಹಿಡಿದರಷ್ಟೇ ಚೆನ್ನಾಗಿ ಕೇಳುವ ಒರಟು ಮೈಕನ್ನು ಆರಿಸಿದಿರಿ. ಮನೆಯ ಪಕ್ಕದಲ್ಲೇ ರೈಲು ಓಡುವಾಗ ಇರುವೆಯ ನಡಿಗೆ ಯಾರಿಗೆ ಬೇಕು? ನನಗೂ ತಲೆಯ ಮೇಲೆ ರಾಟೆ ತಿರುಗುತ್ತದೆ, ನಾನೂ ಅದನ್ನೇ ತೆಗೆದುಕೊಂಡೆ. ಟ್ಯಾಬ್ಲೆಟ್ಟಿಗೆ ಇರುವುದು ಒಂದೇ ಕಿಂಡಿ. ಪೆಟ್ಟಿಗೆ ಸಿಕ್ಕಿಸಿದರೆ ಚಾರ್ಜು ಇಲ್ಲ, ಚಾರ್ಜಿಗೆ ಹಾಕಿದರೆ ಪೆಟ್ಟಿಗೆ ಇಲ್ಲ. ಹಾಡಿನ ಮಧ್ಯೆ ಟ್ಯಾಬ್ಲೆಟ್ ಕಣ್ಣು ಮುಚ್ಚಿದಾಗಲೇ ಹೆಚ್ಚಿನವರಿಗೆ ಇದು ಹೊಳೆಯುತ್ತದೆ. ನೀವು ಮೊದಲೇ ಯೋಚಿಸಿ, ಕರೆಂಟನ್ನೂ ದನಿಯನ್ನೂ ಒಟ್ಟಿಗೆ ಸಾಗಿಸುವ ಕವಲುಡಬ್ಬಿಯನ್ನು ಎಲ್ಲಕ್ಕಿಂತ ಮುಂಚೆ ತರಿಸಿದಿರಿ. ಸ್ಪೀಕರು ಬೇಡವೆಂದಿರಿ, ಅದರ ದನಿ ತಿರುಗಿ ಮೈಕಿಗೆ ನುಗ್ಗುತ್ತದೆ. ಕೀಬೋರ್ಡನ್ನು ತೊಡೆಯ ಮೇಲೆ ಕೂರುವಷ್ಟು ಚಿಕ್ಕದು ತಂದಿರಿ, ಸ್ವರವೆಲ್ಲ ಟ್ಯಾಬ್ಲೆಟ್ಟಿನೊಳಗೇ ಇರುವಾಗ ಭಾರ ಯಾಕೆ ಎಂದು. ಹೆಡ್‌ಫೋನಿನ ವಿಷಯದಲ್ಲಂತೂ ತೀರ್ಪು ಕೊಟ್ಟವರು ಚೆನ್ನವ್ವನವರು. ತಂತಿಯಿಲ್ಲದ ಹೆಡ್‌ಫೋನಿನಲ್ಲಿ ತಮ್ಮ ದನಿ ತಮಗೇ ಚೂರು ತಡವಾಗಿ ಕೇಳಿದಾಗ ಅವರು ಅಂದದ್ದನ್ನು ನೀವು ನಗುತ್ತ ನೆನೆಸುವುದು ಕಡತದಲ್ಲಿದೆ: “ತಗಿಯವ್ವಾ ಇದನ್ನ, ನನ್ನ ಹಿಂದ ಯಾರೋ ಕುಂತು ಅಣಕಸಾಕ ಹತ್ಯಾರ!” ನೀವು ತಂತಿಯದನ್ನೇ ತಂದಿರಿ. ನಾನೂ ತಂದೆ.

ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ನಾನು ಎಡವುತ್ತಿದ್ದೆ. ಒಂದು ಮೈಕಿನದು ಚಿಕ್ಕದು, ಚೆಂದದ್ದು, ಟ್ಯಾಬ್ಲೆಟ್ಟಿನ ಕರೆಂಟನ್ನೂ ಹೆಚ್ಚು ತಿನ್ನುವುದಿಲ್ಲ. ಹಾಡುವವಳು ಒಬ್ಬಳೇ ಅಲ್ಲವೇ, ಎರಡು ಯಾಕೆ ಎಂದು ಮೂಡಣ್ಣ ಕೇಳಿದ. ನಿಮ್ಮ ಅತ್ತೆಯೂ ಇದನ್ನೇ ಕೇಳಿದ್ದರು. ನೀವು ಕೊಟ್ಟ ಉತ್ತರ ನನ್ನ ಕೈ ಹಿಡಿಯಿತು: “ನನಗೂ ಒಂದು ಬೇಕಲ್ರಿ ಅತ್ತಿ. ನಿಮ್ಮ ಜೋಡಿ ಮಾತಾಡೂದು ಹೆಂಗ್ ಮತ್ತ?” ಎರಡು ಮೈಕಿನದನ್ನೇ ಮನೆಗೆ ತಂದೆ. ಒಂದನ್ನು ಸುಳಿಯವ್ವನ ಬಾಯಿಗೆ, ಇನ್ನೊಂದನ್ನು ನಾನು ಕೂರುವ ಜಾಗಕ್ಕೆ ಇಟ್ಟೆ. ಎರಡನೆಯದಕ್ಕೆ ಯಾವ ಬಾಗಿಲೂ ಬೇಡವೆಂದು ತೆರೆದೇ ಬಿಟ್ಟೆ. ಅವಳು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ಗಂಟಲು ಬಿಟ್ಟಷ್ಟು, ಚೆನ್ನವ್ವನವರ ಎಲ್ಲ ಪದಗಳನ್ನೂ ಹಾಡಿದಳು. ಕೊನೆಯ ಪದದ ಕೊನೆಗೆ ದನಿ ಒಡೆಯಿತು. ಮತ್ತೊಮ್ಮೆ ಹಾಡೆನ್ನದೆ ಅದನ್ನು ಹಾಗೆಯೇ ಉಳಿಸಿಕೊಂಡೆ.

ಗಂಟಲು ತೆಗೆದರು, ಬದಲಿ ಕೂರಿಸಿದರು. ಮಾತಾಡಬಾರದೆಂದು ಬಹಳ ದಿನ ಕಟ್ಟಪ್ಪಣೆಯಿತ್ತು. ಅವಳು ಮಾತಾಡದ ಮನೆ ಹೇಗಿರುತ್ತದೆಂದು ನಿಮಗೆ ಹೇಳಲಾರೆ, ಬೈಗುಳಕ್ಕೂ ಹಾತೊರೆದೆ. ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ರಾಟೆಯ ಕೀಲು ಒರೆಸುತ್ತಿದ್ದೆ. ಹಿಂದಿನಿಂದ ಯಾರೋ ಹೆಂಗಸು ನಯವಾಗಿ ನನ್ನ ಹೆಸರು ಹಿಡಿದು ಕರೆದಂತಾಯಿತು. ಒಲಿಪದ ಏನೋ ಹೊಸ ಆಟ ಶುರುಮಾಡಿದೆ ಎಂದುಕೊಂಡೆ. ದನಿ ಮತ್ತೆ ಕರೆಯಿತು. ತಿರುಗದೆಯೇ, “ಸುಮ್ನಿರ ಸಾಕು” ಎಂದು ರೇಗಿದೆ. ಆಮೇಲೆ ಏನೂ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ, ಗೋಡೆ ಅದುರುವಂತೆ, ಸುಳಿಯವ್ವನೇ ಕೂಗಿದಳು.

“ಏ ಪಡುವಾ! ರಾಟಿಗೆ ಹಾಕೂ ಎಣ್ಣಿ ಕಿವಿಗೆ ಹಾಕ್ಕೊಂಡೀಯೇನ? ಆರಿ ಹೋತು, ಉಣ್ಣಾಕ ಬಾ!”

ಎಣ್ಣೆಯ ಡಬ್ಬಿ ಎಲ್ಲಿ ಬಿತ್ತೋ ಗೊತ್ತಿಲ್ಲ, ಒಳಗೆ ಓಡಿದೆ. ಅವಳು ಟ್ಯಾಬ್ಲೆಟ್ಟಿನ ಮುಂದೆ ನಿಂತಿದ್ದಳು, ಬೆರಳು ಇನ್ನೂ ಅದರ ಮೇಲೇ ಇತ್ತು, ಕಣ್ಣು ತುಂಬಿತ್ತು. ಎರಡು ಪದಗಳ ನಡುವೆ ಯಾವತ್ತೋ ಅಡುಗೆಮನೆಯಿಂದ ಕೂಗಿದ್ದನ್ನು ನನ್ನ ಪಕ್ಕದ ಮೈಕು ಹಿಡಿದಿಟ್ಟುಕೊಂಡಿತ್ತು, ಅದನ್ನೇ ಅವಳು ಈಗ ಹಾಕಿದ್ದಳು. ಮೊದಲು ಕರೆದ ಆ ನಯವಾದ ದನಿ ನನ್ನ ಹೆಂಡತಿಯದೆಂದು ಆಗ ತಿಳಿಯಿತು. ಅವಳ ಮೊದಲ ಮಾತು ನನ್ನ ಹೆಸರು, ನಾನು ಅದಕ್ಕೆ ಸುಮ್ಮನಿರು ಎಂದಿದ್ದೆ. ಇಬ್ಬರೂ ಅತ್ತೆವು.

ದಾಕ್ಷಾಯಣಿ ಅವರೇ, ಚೆನ್ನವ್ವನವರ ಯಾವ ಪದದಲ್ಲೂ ನನ್ನ ಹೆಸರಿಲ್ಲ. ಬರೀ ಪದಗಳನ್ನು ಹಿಡಿಯುವ ಪೆಟ್ಟಿಗೆ ತಂದಿದ್ದರೆ ಆ ದನಿ ನನ್ನನ್ನು ಇನ್ನೊಮ್ಮೆ ಕರೆಯುತ್ತಿರಲಿಲ್ಲ. ಅದಕ್ಕೇ ನನಗಿದ್ದ ಒಂದೇ ಕಾಗದವನ್ನು ನಿಮಗೆ ಹಾಕುತ್ತಿದ್ದೇನೆ. ಅಂಗಡಿಯವರು ಏನೇ ಹೇಳಲಿ, ಎರಡು ಮೈಕಿನದನ್ನೇ ಕೊಳ್ಳಿ. ನಿಮಗೆ ಋಣಿ, ನಿಮ್ಮ ಅತ್ತೆಗೆ ನನ್ನ ದೊಡ್ಡ ನಮಸ್ಕಾರ. ಇನ್ನು ಏಳುತ್ತೇನೆ, ಸುಳಿಯವ್ವ ಹೊಸ ದನಿಯಲ್ಲಿ ಊಟಕ್ಕೆ ಕರೆಯುತ್ತಿದ್ದಾಳೆ. ಈಗ ಆ ದನಿಯ ಮೊದಲ ಕೂಗಿಗೇ ತಿರುಗುತ್ತೇನೆ.

ಇತಿ,
ಪಡುವಯ್ಯ